ಕರಿ ದಿನದ ಹುಂಜ

ಸಂಕ್ರಾಂತಿಯ ಮರುದಿನ, ಅಂದರೆ ಕರಿಯ ಬೆಳಿಗ್ಗೆ, ಬೆಟಗೇರಿಯ ನೇಕಾರರ ಓಣಿಯ ಬಾಡಿಗೆ ಮನೆಯೊಂದರ ಗೇಟಿನ ಒಳಗೆ ಒಂದು ಹುಂಜ ನಿಂತಿತ್ತು. ಮೈಯೆಲ್ಲ ಕೆಂಪು, ಬಾಲ ಮಾತ್ರ ಕಪ್ಪು. ಅದರ ಕಾಲಿಗಿದ್ದ ದಾರದ ಇನ್ನೊಂದು ತುದಿ ಗೇಟಿನ ಸರಳಿಗೆ ಸುತ್ತಿಕೊಂಡಿತ್ತು. ಹಲ್ಲುಜ್ಜುತ್ತ ಹೊರಗೆ ಬಂದ ಸೋಮೇಶ ಅದನ್ನು ನೋಡಿ ಬಾಯಿ ತುಂಬ ನೊರೆ ಇಟ್ಟುಕೊಂಡೇ ನಕ್ಕ. ಕೋಳಿ ಸಾಕುವ ಜಾಹೀದ ಕೊಟ್ಟ ಮಾತು ಉಳಿಸಿಕೊಂಡನಲ್ಲ ಎಂದು ಅವನಿಗೆ ಸಂತೋಷ. ಆ ದಿನ ಅವನು ನಕ್ಕಿದ್ದು ಅದೊಂದೇ ಸಲ.

ಸೋಮೇಶ ಗದಗಿನ ವಕೀಲರೊಬ್ಬರ ಗುಮಾಸ್ತ. ವಕೀಲರು ಹಬ್ಬಕ್ಕೆ ಊರಿಗೆ ಹೋಗಿದ್ದರಿಂದ ಅವನಿಗೆ ರಜೆ. ಅವನ ಹೆಂಡತಿ ಮಮತಾ ಮುಂಡರಗಿ ಬಸ್ಸಿನ ಕಂಡಕ್ಟರ್. ಹಬ್ಬದ ಗದ್ದಲದಲ್ಲಿ ಆಕೆಗೆ ರಜೆ ಕೊಡುವವರು ಯಾರು? ಆದರೆ ಆಕೆಯ ಅಣ್ಣ ಅಂದಾನಪ್ಪ ಅವತ್ತೇ ಸಂಜೆ ಅಡರಕಟ್ಟಿಯಿಂದ ಊಟಕ್ಕೆ ಬರುವವನಿದ್ದ. ತಂದೆತಾಯಿ ಇಲ್ಲದ ತಂಗಿಯನ್ನು ಹೆಗಲ ಮೇಲೆ ಹೊತ್ತು ಬೆಳೆಸಿದ ಅಣ್ಣ. ತಂಗಿಯ ಗಂಡನನ್ನು ಅಳಿಯ ಎಂದೇ ಕರೆಯುತ್ತಿದ್ದ. ಅಳಿಯನನ್ನು ಕಂಡರೆ ಅವನಿಗೆ ಸಿಟ್ಟಿರಲಿಲ್ಲ, ಆದರೆ ನಂಬಿಕೆಯೂ ಇರಲಿಲ್ಲ. ಒಮ್ಮೆ ಸೋಮೇಶ ಅವರ ಹೊಲದಲ್ಲಿ ಪಂಪಿನ ಬಟನ್ ಒತ್ತಲು ಹೋಗಿ ಅರ್ಧ ಊರಿನ ಕರೆಂಟ್ ತೆಗೆದಿದ್ದ.

"ಅಣ್ಣ ಜವಾರಿ ಕೋಳಿ ಬಿಟ್ರ ಬ್ಯಾರೇದು ಮುಟ್ಟಂಗಿಲ್ಲ," ಎಂದು ಮಮತಾ ಹಿಂದಿನ ರಾತ್ರಿಯೇ ಹೇಳಿದ್ದಳು. "ಖಾನಾವಳಿಯಿಂದ ತರಬ್ಯಾಡ್ರಿ. ನಿಮ್ಮ ಕೈಲಿ ಆಗದಿದ್ರ ಈಗ ಹೇಳ್ರಿ, ಹೊತ್ತು ಹುಟ್ಟೂದ್ರಾಗ ನಾನ ಎದ್ದು ಮಾಡಿಟ್ಟು ಹೊಕ್ಕೀನಿ."

ಸೋಮೇಶ ಫೋನನ್ನು ಆಕೆಯ ಮುಖದ ಮುಂದೆ ಹಿಡಿದಿದ್ದ. ಅದರಲ್ಲಿ ಒಬ್ಬ ಹೆಂಗಸು ಇಡೀ ಕೋಳಿಯೊಳಗೆ ಹಣ್ಣು ತುಂಬಿ, ಕಾಲು ಕಟ್ಟಿ, ಬೇಯಲು ಇಟ್ಟು, ಕೈ ಒರೆಸಿಕೊಂಡು ಹೊಸ ಸೀರೆ ಉಡಲು ಹೋಗುತ್ತಿದ್ದಳು. ಹಬ್ಬದ ದಿನಕ್ಕೆ ಇದರಷ್ಟು ಸುಲಭದ ಅಡುಗೆ ಮತ್ತೊಂದಿಲ್ಲ ಎಂದು ಆಕೆ ಮೂರು ಸಲ ಹೇಳಿದಳು.

"ನೋಡಿದ್ಯಾ? ತುಂಬೂದು, ಇಡೂದು, ಕಾಲ ಚಾಚಿ ಕುಂಡ್ರೂದು. ಇದಕ್ಕ ಯಾಕ ಇಷ್ಟು ಚಿಂತಿ?" ಎಂದಿದ್ದ ಸೋಮೇಶ.

ಮಮತಾ ಏನೋ ಹೇಳಲು ಬಾಯಿ ತೆರೆದವಳು, ಗಂಡನ ಹುರುಪು ನೋಡಿ ಸುಮ್ಮನಾಗಿದ್ದಳು. ಬೆಳಗಿನ ಮೊದಲ ಗಾಡಿಗೆ ಓಡುವ ಅವಸರದಲ್ಲಿ ಟಿಕೆಟ್ ಮಷೀನು ಹೆಗಲಿಗೇರಿಸಿಕೊಂಡು ಕತ್ತಲಲ್ಲೇ ಹೊರಟುಹೋಗಿದ್ದಳು.

ಸೋಮೇಶ ಹುಂಜವನ್ನು ಬಗಲಲ್ಲಿ ಹಿಡಿದುಕೊಂಡು ಓಣಿಯ ಮೂಲೆಯ ವಸೀಮನ ಮಟನ್ ಅಂಗಡಿಗೆ ಹೋದ.

"ಎಷ್ಟ ತುಂಡು ಮಾಡ್ಲಿ ಅಣ್ಣಾ?" ಎಂದ ವಸೀಮ.

"ತುಂಡು ಬ್ಯಾಡ. ಇಡೀದು ಇರ್ಲಿ. ಒಳಗ ಸಂತ್ರಿ, ದ್ರಾಕ್ಷಿ, ಪ್ಯಾರಲ ಹಣ್ಣು ತುಂಬಾವ ಅದೀನಿ."

ವಸೀಮನ ಕೈಯಲ್ಲಿದ್ದ ಕತ್ತಿ ಗಾಳಿಯಲ್ಲೇ ನಿಂತಿತು. "ಕೋಳಿಗೆ ಹಣ್ಣು? ಅದಕ್ಕೇನ್ ಉಡಿ ತುಂಬಾಕತ್ತೀಯೇನಣ್ಣಾ?"

ಅಂಗಡಿ ಮುಂದೆ ನಿಂತಿದ್ದವರೆಲ್ಲ ನಕ್ಕರು. ಸೋಮೇಶ ತಲೆ ಕೆಡಿಸಿಕೊಳ್ಳಲಿಲ್ಲ. ಮನೆಗೆ ಬಂದು ಹುಂಜಕ್ಕೆ ಉಪ್ಪು, ಅರಿಷಿಣ, ಬೆಳ್ಳುಳ್ಳಿ, ಮೆಣಸು ತಿಕ್ಕಿದ. ಸಂಕ್ರಾಂತಿಗೆ ತಂದು ಉಳಿದಿದ್ದ ಕಿತ್ತಳೆ, ದ್ರಾಕ್ಷಿ, ಪೇರಲ ಹಣ್ಣುಗಳನ್ನು ಕೊಯ್ದು ಒಳಗೆ ತುಂಬಿ, ದಾರದಿಂದ ಕಾಲು ಬಿಗಿದ. ಹಿತ್ತಲಿನ ಒಲೆಯಲ್ಲಿ ಇದ್ದಿಲು ಹೊತ್ತಿಸಿ ದಪ್ಪ ತಳದ ಬೋಗೋಣಿ ಇಟ್ಟು, ಮುಚ್ಚಳದ ಮೇಲೂ ನಾಲ್ಕು ಕೆಂಡ ಹರವಿದ. ಆಮೇಲೆ ರಾತ್ರಿ ತಾನು ಹೇಳಿದ್ದಂತೆಯೇ ಕುರ್ಚಿ ಹಾಕಿಕೊಂಡು ಕಾಲು ಚಾಚಿದ.

ಫೋನು ರಿಂಗಣಿಸಿತು. ಜಾಹೀದ.

"ಸೋಮೇಶಣ್ಣಾ, ಮಾಫ್ ಮಾಡು. ಗಾಡಿ ಪಂಕ್ಚರ್ ಆಗಿ ಮುಂಜಾನಿ ಬರಾಕಾಗ್ಲಿಲ್ಲ. ನಿನ್ನ ಹುಂಜ ತಗೊಂಡು ಈಗ ಹೊಂಟೀನಿ."

ಸೋಮೇಶ ಚಾಚಿದ ಕಾಲನ್ನು ಒಳಗೆಳೆದುಕೊಂಡ. "ಏನಂದಿ? ಮುಂಜಾನಿ ನೀನ ಗೇಟಿಗೆ ಕಟ್ಟಿ ಹೋಗೀಯಲ್ಲಾ?"

"ನಾ ಎಲ್ಲಿ ಬಂದೀನಣ್ಣಾ? ನಿನ್ನ ಹುಂಜ ಇಲ್ಲೇ ಐತಿ. ನನ್ನ ಬೆರಳು ಕುಕ್ಕಾಕತ್ತೈತಿ."

ಸೋಮೇಶ ಮೆಲ್ಲಗೆ ತಿರುಗಿ ಬೋಗೋಣಿ ನೋಡಿದ. ಅದೇ ಗಳಿಗೆಯಲ್ಲಿ ಗೋಡೆಯಾಚೆಯಿಂದ ಒಂದು ಕೂಗು ಎದ್ದಿತು.

"ಯವ್ವಾ, ನನ್ನ ಸರದಾರ ಎಲ್ಲಿ ಹೋದೋ!"

ಅದು ಮಲ್ಲವ್ವನ ದನಿ. ಸೋಮೇಶನ ಮನೆಯ ಮಾಲಕಿ, ಪಕ್ಕದ ಮನೆಯಾಕೆ. ನಾಲ್ಕು ಮಗ್ಗ ಒಟ್ಟಿಗೆ ಬಡಿಯುತ್ತಿದ್ದರೂ ಆಕೆ ಮಾತಾಡಿದ್ದು ಓಣಿಯ ಆ ತುದಿಗೆ ಕೇಳುತ್ತಿತ್ತು. ಸರದಾರ ಆಕೆಯ ಹುಂಜ. ಗಂಡ ತೀರಿಕೊಂಡ ಮೇಲೆ ಆಕೆ ಮನಸ್ಸಿನ ಮಾತೆಲ್ಲ ಆಡುತ್ತಿದ್ದುದು ಅದರೊಂದಿಗೇ. ಹೋದ ವರ್ಷ ಬಾಡಿಗೆಗಿದ್ದವನೊಬ್ಬ ಅದಕ್ಕೆ ಚಪ್ಪಲಿ ಎಸೆದನೆಂದು ಅವನ ಹಾಸಿಗೆ, ಪಾತ್ರೆಗಳನ್ನು ತಾನೇ ಹೊತ್ತು ತಂದು ಬೀದಿಗೆ ಹಾಕಿದ್ದಳು.

ಸೋಮೇಶ ಗೋಡೆಯ ಮೇಲಿಂದ ತಲೆ ಎತ್ತಿ ಕೇಳಿದ. "ಏನಾತ್ರಿ ಅಕ್ಕಾರ?"

"ಮುಂಜಾನಿ ಕಾಲಿಗೆ ದಾರ ಕಟ್ಟಿ ಬಿಟ್ಟಿದ್ನೋ ತಮ್ಮಾ. ಹರ್ಕೊಂಡು ಹೋಗ್ಯಾನ. ಕೆಂಪ ಮೈ, ಕಪ್ಪ ಬಾಲ. ನೀ ಕಂಡಿ?"

ಕೆಂಪು ಮೈ. ಕಪ್ಪು ಬಾಲ. ಕಾಲಿಗೆ ದಾರ. ವಕೀಲರ ಕಚೇರಿಯಲ್ಲಿ ಹನ್ನೆರಡು ವರ್ಷ ಕಾಗದ ಬರೆದವನಿಗೆ ಇದಕ್ಕಿಂತ ಗಟ್ಟಿಯಾದ ಪುರಾವೆ ಬೇಕಿರಲಿಲ್ಲ.

"ಇಲ್ಲ," ಎಂದ ಸೋಮೇಶ. ಆ ಒಂದು ಮಾತು ಅವನನ್ನು ಕಟ್ಟಿಹಾಕಿತು. ಆಗಲೇ ನಿಜ ಹೇಳಿದ್ದರೆ ಬಹುಶಃ ನಾಲ್ಕು ಬೈಗುಳಕ್ಕೆ ಮುಗಿಯುತ್ತಿತ್ತು.

ಸ್ವಲ್ಪ ಹೊತ್ತಿನಲ್ಲಿ ಓಣಿಯೇ ಎದ್ದಿತು. ಎದುರು ಮನೆಯ ವಿಠೋಬಾ ಪಂಚೆ ಎತ್ತಿ ಕಟ್ಟಿ ತನಿಖೆಗೆ ಇಳಿದ. ಅವನೂ ನೇಕಾರನೇ, ಆದರೆ ಓಣಿಯಲ್ಲಿ ಏನೇ ನಡೆದರೂ ಅವನ ಮಗ್ಗ ನಿಲ್ಲುತ್ತಿತ್ತು. ಅವನ ಹಿಂದೆ ಆಚೆ ಪಕ್ಕದ ಮನೆಯ ಹಾಜಿರಾಬಿ ಬಂದಳು. ಓಣಿಯ ಹಿರಿಯ ಗವಿಸಿದ್ದಪ್ಪನವರು ಕೋಲು ಊರಿಕೊಂಡು ಎಲ್ಲರ ಹಿಂದೆ ಬಂದರು. ಅವರು ಕೋಳಿ ಮುಟ್ಟುವವರಲ್ಲ, ಆದರೆ ನ್ಯಾಯ ಎಲ್ಲಿದೆಯೋ ಅಲ್ಲಿ ಅವರು ಇರಲೇಬೇಕು.

"ಹುಂಜ ತಾನಾಗೇ ಎಲ್ಲೂ ಹೋಗಂಗಿಲ್ಲ," ಎಂದು ವಿಠೋಬಾ ಘೋಷಿಸಿದ. "ಇವತ್ತ ಕರಿ, ಮನಿಮನ್ಯಾಗೂ ಕೋಳಿ ಊಟ. ಇದು ಕಳ್ಳತನ. ಎಲ್ಲಾರ ಹಿತ್ತಲಾನೂ ನೋಡೂಣು."

ಮೊದಲ ಹಿತ್ತಲೇ ಸೋಮೇಶನದು. ಅಷ್ಟು ಹೊತ್ತಿಗೆ ಬೋಗೋಣಿಯಿಂದ ಒಂದು ಘಮ ಎದ್ದು ಹಿತ್ತಲೆಲ್ಲ ತುಂಬಿತ್ತು. ಕಿತ್ತಳೆ ಸಿಪ್ಪೆ ಕಾದ ವಾಸನೆ, ದ್ರಾಕ್ಷಿ ಒಡೆದು ಕರಗಿದ ಸಿಹಿ ವಾಸನೆ. ಮಲ್ಲವ್ವ ಮೂಗು ಅರಳಿಸಿದಳು.

"ಏನೋ ಇದು ಸೋಮ್ಯಾ, ಸಿಹಿ ವಾಸನಿ?"

"ಹಣ್ಣು ಅಕ್ಕಾರ. ಹಣ್ಣು ಬೇಯಸಾಕತ್ತೀನಿ."

"ಹಣ್ಣು ಯಾರರ ಬೇಯಸ್ತಾರೇನೋ?"

"ಪಿತ್ತಕ್ಕರಿ. ಡಾಕ್ಟರು ಹೇಳ್ಯಾರ."

ಹಣ್ಣಿನ ಘಮ ಕೋಳಿಯ ವಾಸನೆಯನ್ನು ಸೆರಗಿನಡಿ ಬಚ್ಚಿಟ್ಟುಕೊಂಡಿತ್ತು. ಆ ವಿಡಿಯೋದ ಹೆಂಗಸಿಗೆ ಸೋಮೇಶ ಮನಸ್ಸಿನಲ್ಲೇ ಕೈ ಮುಗಿದ. ಆದರೆ ಮಲ್ಲವ್ವ ಹೊರಡಲಿಲ್ಲ. ಒಲೆಯ ಪಕ್ಕದ ಕಲ್ಲಿನ ಮೇಲೆ ಕುಸಿದು ಕುಳಿತು ಅಳತೊಡಗಿದಳು. ಆಕೆಯ ಮೊಣಕೈಗೂ ಬೋಗೋಣಿಗೂ ನಡುವೆ ಗೇಣು ಜಾಗವೂ ಇರಲಿಲ್ಲ.

"ನನ್ನ ಸರದಾರ ಈಗ ಎಲ್ಲಿ ಅದಾನೋ, ಬಿಸಲಾಗ ಅದಾನೋ, ನೆಳ್ಳಾಗ ಅದಾನೋ..."

ಬೋಗೋಣಿಯೊಳಗೆ ಟಪ್ ಎಂದು ಏನೋ ಸಿಡಿಯಿತು. ಮುಚ್ಚಳ ಒಮ್ಮೆ ಮೇಲೆದ್ದು ಕುಳಿತಿತು. ವಿಠೋಬಾ ಹತ್ತಿರ ಬಂದ. "ಭಾಳ ಜೋರ್ ಕುದ್ಯಾಕತ್ತೈತಲ್ಲೋ ನಿನ್ನ ಹಣ್ಣು. ತಗದ ನೋಡೂಣು ತಡಿ," ಎಂದು ಹೆಗಲ ಮೇಲಿನ ಟವೆಲ್ಲಿನಿಂದ ಮುಚ್ಚಳಕ್ಕೆ ಕೈ ಹಾಕಿದ.

"ಬ್ಯಾಡ!" ಸೋಮೇಶ ಚೀರಿದ ರಭಸಕ್ಕೆ ಗವಿಸಿದ್ದಪ್ಪನವರ ಕೋಲು ಕೆಳಗೆ ಬಿತ್ತು. "ಮುಚ್ಚಳ ತಗದ್ರ ಔಷಧದ ಗುಣ ಹಾರಿ ಹೊಕ್ಕೈತಿ. ಮತ್ತ ಮೊದಲಿಂದ ಮಾಡಬೇಕಾಗ್ತೈತಿ!"

ವಿಠೋಬಾ ಕೈ ಹಿಂದಕ್ಕೆ ತೆಗೆದ, ಆದರೆ ಅನುಮಾನದ ಕಣ್ಣನ್ನು ತೆಗೆಯಲಿಲ್ಲ. ಮಲ್ಲವ್ವ ಕಣ್ಣೊರೆಸಿಕೊಂಡು ಎದ್ದು ನಿಂತಳು. "ಯಾಂವ ನನ್ನ ಸರದಾರನ್ನ ಮುಟ್ಯಾನ, ಅವನ ಸಾಮಾನ ಇವತ್ತ ಸಂಜೀ ಒಳಗ ಬೀದ್ಯಾಗ ಇರ್ತಾವ. ಅಂವ ಯಾರರ ಇರ್ಲಿ!" ಎಂದಳು. ಅದನ್ನು ಹೇಳುವಾಗ ಆಕೆ ಸೋಮೇಶನ ಕಡೆ ನೋಡಲೇ ಇಲ್ಲ. ಆದರೂ ಸೋಮೇಶನಿಗೆ ಬೀದಿಯಲ್ಲಿ ಬಿದ್ದ ತನ್ನ ಹಾಸಿಗೆ, ಅದರ ಮೇಲೆ ಕುಳಿತ ಮಮತಾ, ಆಕೆಯ ಪಕ್ಕದಲ್ಲಿ ನಿಂತ ಅಂದಾನಪ್ಪ, ಎಲ್ಲ ಕಣ್ಣಿಗೆ ಕಟ್ಟಿತು.

ಅವರೆಲ್ಲ ಮುಂದಿನ ಹಿತ್ತಲಿಗೆ ಹೋದೊಡನೆ ಸೋಮೇಶ ಓಣಿಯ ಬಾಯಿಗೆ ಓಡಿದ. ಜಾಹೀದನ ಗಾಡಿಯನ್ನು ಅಲ್ಲೇ ತಡೆದು, ಹುಂಜವನ್ನು ಸಂತೆ ಚೀಲಕ್ಕೆ ತುರುಕಿಕೊಂಡು ಕಳ್ಳನಂತೆ ಗೋಡೆ ಹಿಡಿದು ಬಂದ. ಹಾದಿಯಲ್ಲಿ ಒಂದು ಉಪಾಯ ಹೊಳೆದಿತ್ತು. ಇದನ್ನೇ ಮಲ್ಲವ್ವನ ಅಂಗಳಕ್ಕೆ ಬಿಟ್ಟರಾಯಿತು. ಆಕೆಗೆ ಹುಂಜ ಸಿಕ್ಕಂತಾಯಿತು, ತನಗೆ ಮನೆ ಉಳಿದಂತಾಯಿತು.

ಬಚ್ಚಲಲ್ಲಿ ಬಾಗಿಲು ಹಾಕಿಕೊಂಡು ಚೀಲ ತೆರೆದ. ಕೆಂಪು ಮೈ. ದೇವರು ದೊಡ್ಡವನು. ಬಾಲ ಬಿಳಿ.

ಸೋಮೇಶ ಬಚ್ಚಲ ಗೋಡೆಗೆ ತಲೆ ಆನಿಸಿ ನಿಂತ. ಎದುರಿಗೆ ಕನ್ನಡಿ, ಕನ್ನಡಿಯ ಕೆಳಗೆ ಹಬ್ಬಕ್ಕೆಂದು ತಂದು ಬಳಸದೆ ಇಟ್ಟಿದ್ದ ತಲೆಗೂದಲ ಕಪ್ಪು ಬಣ್ಣದ ಪಾಕೀಟು. ಅವನು ಅದನ್ನು ನೋಡಿದ, ಹುಂಜವನ್ನು ನೋಡಿದ. ಹುಂಜವೂ ಅವನನ್ನು ನೋ‌ಡಿತು, ಮತ್ತು ಏನೋ ಅರ್ಥವಾದಂತೆ ಹಿಂದಕ್ಕೆ ಸರಿಯಿತು.

ಮುಂದಿನದು ಯುದ್ಧ. ಒಂದು ಕೈಯಲ್ಲಿ ರೆಕ್ಕೆ ಅಮುಕಿ, ಇನ್ನೊಂದು ಕೈಯಿಂದ ಹಲ್ಲುಜ್ಜುವ ಬ್ರಷ್ಷಿನಲ್ಲಿ ಒಂದೊಂದೇ ಗರಿಗೆ ಬಣ್ಣ ಬಳಿದ. ಹುಂಜ ಅವನ ಮೊಣಕಾಲು ಕುಕ್ಕಿತು, ಮೂಗು ಗೀರಿತು, ಬಕೆಟ್ ಉರುಳಿಸಿತು. ಬಣ್ಣ ಮುಗಿಯುವ ಹೊತ್ತಿಗೆ ಅವನ ಹತ್ತೂ ಬೆರಳು ಬಾಲದಷ್ಟೇ ಕಪ್ಪಾಗಿದ್ದವು. ಒಣಗಲು ಬಿಡುವಷ್ಟು ವ್ಯವಧಾನ ಎಲ್ಲಿತ್ತು? ಹುಂಜದ ಕಾಲಿಗೊಂದು ದಾರದ ತುಂಡು ಕಟ್ಟಿ, ಗೋಡೆಯ ಮೇಲಿಂದ ಮಲ್ಲವ್ವನ ಅಂಗಳಕ್ಕೆ ಇಳಿಬಿಟ್ಟ. ಆಮೇಲೆ ಉಸಿರು ಬಿಗಿಹಿಡಿದು ಗೋಡೆಗೆ ಕಿವಿ ಹಚ್ಚಿದ.

"ಬಂದಾ! ನನ್ನ ಸರದಾರ ಬಂದಾ!"

ಸೋಮೇಶನ ಕಣ್ಣಲ್ಲಿ ನೀರು ಬಂತು. ಒಲೆಗೆ ನಾಲ್ಕು ಇದ್ದಿಲು ಹಾಕೋಣವೆಂದು ತಿರುಗಿದ. ಆಗಲೇ ಇನ್ನೊಂದು ಚೀರಾಟ ಕೇಳಿತು. ಇದು ಸಂತೋಷದ್ದಲ್ಲ.

ಮಲ್ಲವ್ವನ ಅಂಗಳದಲ್ಲಿ ಬಿದಿರಿನ ಗಳದ ಮೇಲೆ ಬಿಳಿ ನೂಲಿನ ಲಡಿಗಳು ಒಣಗುತ್ತಿದ್ದವು. ಹೊಸ ಹುಂಜ ಹೊಸ ಜಾಗದ ಗಾಬರಿಗೆ ಹಾರಿ ಅದೇ ಗಳದ ಮೇಲೆ ಕುಳಿತು, ಈ ತುದಿಯಿಂದ ಆ ತುದಿಗೆ ಬಾಲ ಎಳೆದುಕೊಂಡು ಓಡಾಡಿತ್ತು. ಹಾಲಿನಂಥ ನೂಲಿನ ಮೇಲೆಲ್ಲ ಕಪ್ಪು ಗೀರು. ಬಾಲವಾದರೋ ಅಲ್ಲಲ್ಲಿ ಬೆಳ್ಳಗಾಗಿ, ಸುಣ್ಣ ಉದುರಿದ ಹಳೆ ಗೋಡೆಯಂತೆ ಕಾಣುತ್ತಿತ್ತು.

"ಇದು ನಿಮ್ಮ ಹುಂಜ ಅಲ್ಲ ಅಕ್ಕಾ," ವಿಠೋಬಾನ ದನಿ ಕೇಳಿತು. "ಯಾರೋ ಬಣ್ಣ ಹಚ್ಚಿ ಬಿಟ್ಟಾರ. ಖರೆ ಸರದಾರ ಯಾರದೋ ಗಡಿಗ್ಯಾಗ ಅದಾನ."

ಗವಿಸಿದ್ದಪ್ಪನವರು ಕೋಲಿನಿಂದ ನೆಲ ಕುಟ್ಟಿದರು. "ಮಾತು ಸಾಕು. ಎಲ್ಲಾರೂ ದ್ಯಾಮವ್ವನ ಗುಡಿಗೆ ನಡೀರಿ. ಕರ್ಪೂರ ಹಚ್ಚೂಣು. ಒಬ್ಬೊಬ್ಬರ ಮುಟ್ಟಿ ಆಣಿ ಮಾಡ್ಲಿ. ಯಾರು ಬರಂಗಿಲ್ಲ, ಅವರ ಕಳ್ಳರು."

ಓಣಿಯ ಕೊನೆಯಲ್ಲಿ ದ್ಯಾಮವ್ವನ ಸಣ್ಣ ಗುಡಿ. ಬಿಸಿಲು ಇಳಿಯುತ್ತಿತ್ತು. ಸೋಮೇಶ ಎರಡೂ ಕೈಗಳನ್ನು ಪ್ಯಾಂಟಿನ ಜೇಬಿನಲ್ಲಿ ಹುದುಗಿಸಿ ಸಾಲಿನ ಕೊನೆಗೆ ನಿಂತ. ಕಟ್ಟೆಯ ಮೇಲೆ ಕರ್ಪೂರ ಹೊತ್ತಿಕೊಂಡಿತು. ಸಾಲು ಒಂದೊಂದೇ ಹೆಜ್ಜೆ ಮುಂದೆ ಸರಿಯಿತು. ಅವನಿಗೆ ತಾನು ಬಸ್ಸಿನಲ್ಲಿ ಟಿಕೆಟಿಲ್ಲದೆ ಕುಳಿತು, ಕಂಡಕ್ಟರ್ ಮಮತಾ ಒಂದೊಂದೇ ಸೀಟು ದಾಟಿ ಹತ್ತಿರ ಬರುತ್ತಿರುವಂತೆ ಅನ್ನಿಸಿತು.

ಹಾಜಿರಾಬಿ ದೂರದಲ್ಲೇ ನಿಂತು ತಮ್ಮ ದರ್ಗಾದ ಮೇಲೆ ಆಣೆ ಮಾಡಿದಳು. ಮಲ್ಲವ್ವನೂ ಕರ್ಪೂರ ಮುಟ್ಟಿದಳು, ಯಾಕೆಂದು ಯಾರೂ ಕೇಳಲಿಲ್ಲ. ವಿಠೋಬಾನ ಸರದಿ ಬಂದಾಗ ಅವನು ಉರಿಯನ್ನು ಒಮ್ಮೆ, ದ್ಯಾಮವ್ವನ ಕಣ್ಣುಗಳನ್ನು ಒಮ್ಮೆ ನೋಡಿದ. "ತಡೀರಿ, ಮನೀಗೆ ಹೋಗಿ ಕೈಕಾಲು ತೊಳ್ಕೊಂಡು ಬರ್ತೀನಿ. ದೇವರ ಕೆಲಸ," ಎಂದು ಓಡಿದ. ಸ್ವಲ್ಪ ಹೊತ್ತಿಗೆ ಏದುಸಿರು ಬಿಡುತ್ತ ಬಂದು ಧೈರ್ಯವಾಗಿ ಕರ್ಪೂರ ಮುಟ್ಟಿ ಕಣ್ಣಿಗೊತ್ತಿಕೊಂಡ.

"ಸೋಮೇಶಾ, ಬಾರಪಾ," ಎಂದರು ಗವಿಸಿದ್ದಪ್ಪನವರು.

ಸೋಮೇಶ ಹೋಗಿ ನಿಂತ. ಕೈ ಜೇಬಿನಲ್ಲೇ ಇದ್ದವು.

"ಕೈ ತಗಿ."

"ಥಂಡಿ ಭಾಳ ಐತ್ರಿ."

"ಉರೀ ಮುಂದ ಏನ್ ಥಂಡಿನೋ? ತಗಿ!"

ಹತ್ತು ಕಪ್ಪು ಬೆರಳು ಬೆಳಕಿಗೆ ಬಂದವು. ಎಲ್ಲರ ಕಣ್ಣೂ ಅವುಗಳ ಮೇಲೆ ಬಿದ್ದವು. ಅಷ್ಟು ಕಣ್ಣುಗಳನ್ನು ಎದುರಿಸಲಾಗದೆ ಸೋಮೇಶನೇ ಬಾಯಿಬಿಟ್ಟ. "ನಾನ ಅಕ್ಕಾರ, ನಾನ! ಗೇಟಿನ್ಯಾಗ ನಿಂತಿತ್ತು. ಜಾಹೀದ ಕಳಿಸ್ಯಾನ ಅಂತ ತಿಳಕೊಂಡೆ. ವಸೀಮನ ಕಡೆ ಕೊಯ್ಸಿದೆ. ಬೋಗೋಣ್ಯಾಗ ಇರೂದು ಪಿತ್ತದ ಔಷಧ ಅಲ್ಲ, ನಿಮ್ಮ ಸರದಾರ. ನೀವು ಅವನ ಬಾಜೂಕ ಕುಂತ ಅತ್ರಿ!"

ಮಲ್ಲವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿ ಕೈ ಎತ್ತಿದಳು. ಸೋಮೇಶ ಕಣ್ಣು ಮುಚ್ಚಿದ.

"ಕೊಕ್ಕೊಕ್ಕೋ!"

ಗುಡಿಯ ಗೋಡೆಯ ಮೇಲೆ ಸರದಾರ ನಿಂತಿದ್ದ. ಕೆಂಪು ಮೈ, ಕಪ್ಪು ಬಾಲ, ಕಾಲಲ್ಲಿ ಹರಿದ ದಾರ. ಬೆನ್ನ ಮೇಲೆ ಮುರಿದ ಬುಟ್ಟಿಯ ಎರಡು ಕಡ್ಡಿ ಅಂಟಿಕೊಂಡಿದ್ದವು. ಅವನು ಹಾರಿ ಬಂದದ್ದು ವಿಠೋಬಾನ ಮನೆಯ ಕಡೆಯಿಂದ. ವಿಠೋಬಾ ಮಾತ್ರ ಆಕಾಶದಲ್ಲಿ ಏನೋ ಹುಡುಕುತ್ತಿದ್ದ.

ಮಲ್ಲವ್ವ ಎತ್ತಿದ ಕೈಯಿಂದಲೇ ಸರದಾರನನ್ನು ಬಾಚಿ ಅಪ್ಪಿಕೊಂಡಳು. ಸೋಮೇಶನಿಗೆ ಜೈಲಿನ ಬಾಗಿಲು ತೆರೆದಂತಾಯಿತು. "ನಿಮ್ದು ಸಿಕ್ತಲ್ಲಾ ಅಕ್ಕಾರ! ಹಂಗಾರ ನಾ ಹೊಕ್ಕೀನಿ, ಒಲಿ ಮ್ಯಾಲ ಇಟ್ಟ ಬಂದೀನಿ," ಎಂದು ತಿರುಗಿದ.

ಗವಿಸಿದ್ದಪ್ಪನವರ ಕೋಲು ಅವನ ಎದೆಗೆ ಅಡ್ಡ ಬಂತು. "ನಿಂದ್ರು. ಹಂಗಾರ ನೀ ಕೊಯ್ಸಿದ್ದು ಯಾರ ಹುಂಜ?"

ಅದನ್ನು ಸೋಮೇಶ ಯೋಚಿಸಿಯೇ ಇರಲಿಲ್ಲ.

"ಬಾಲ ಕಪ್ಪಿತ್ತೇನು?" ಹಾಜಿರಾಬಿ ಮೊದಲು ಬಾಯಿ ಬಿಟ್ಟಳು. "ದೀಪಾವಳ್ಯಾಗ ಕಳದ ನಮ್ಮ ಹುಂಜಾನೂ ಕಪ್ಪ ಬಾಲದ್ದ."

"ದೀಪಾವಳ್ಯಾಗ ಕಳದದ್ದು ಸಂಕ್ರಾಂತಿಗೆ ನಮ್ಮನಿಗೆ ಹೆಂಗ ಬರ್ತೈತ್ರಿ?"

"ಹಾದಿ ತಪ್ಪಿತ್ತು. ಈಗ ನೆಪ್ಪಾಗಿ ಬಂದೈತಿ, ಪಾಪ. ಬಂದ ದಿವಸ ನೀ ಕೊಯ್ದಿ."

"ಅದು ನಮ್ದು!" ಎಂದ ವಿಠೋಬಾ. ಆಕಾಶದಿಂದ ಅವನ ಕಣ್ಣು ತಟ್ಟನೆ ಭೂಮಿಗೆ ಇಳಿದಿತ್ತು. "ಮುಂಜಾನಿಯಿಂದ ಕಾಣವಲ್ದು. ಊರ ಕೆಲಸದಾಗ ಸ್ವಂತದ್ದು ಹುಡುಕಾಕ ಪುರಸತ್ತ ಆಗ್ಲಿಲ್ಲ."

ಮಲ್ಲವ್ವ ಸರದಾರನ ಬೆನ್ನು ಸವರುತ್ತ ಹೇಳಿದಳು. "ಅದ ಬಣ್ಣ, ಅದ ಬಾಲ ಅಂದ ಮ್ಯಾಲ ನನ್ನ ಸರದಾರನ ಮಗ ಇರಬೇಕು. ಮತ್ತ ನನ್ನ ನೂಲು ಕೆಡಿಸಿದ್ದು ಬ್ಯಾರೆ ಐತಿ."

ಗವಿಸಿದ್ದಪ್ಪನವರು ಗಂಟಲು ಸರಿಮಾಡಿಕೊಂಡರು. "ನಾ ಕೋಳಿ ಮುಟ್ಟಾಂವಲ್ಲ. ಆದ್ರ ಒಳಗ ಯಾವ ಹಣ್ಣು ತುಂಬೀಯಪಾ?"

"ಸಂತ್ರಿ, ದ್ರಾಕ್ಷಿ, ಪ್ಯಾರಲ..."

"ಪ್ಯಾರಲ! ನಮ್ಮ ಗಿಡದ ಪ್ಯಾರಲ ನಿನ್ನೆ ಹೋಗ್ಯಾವ ನೋಡ್ರಿ."

ನ್ಯಾಯ ಬೇಗ ತೀರ್ಮಾನವಾಯಿತು. ಸತ್ತ ಹುಂಜ ಯಾರದೆಂದು ಹೇಳಲು ಹುಂಜವೇ ಇಲ್ಲ. ಆದ್ದರಿಂದ ಹಕ್ಕು ಹೇಳಿದವರೆಲ್ಲರಿಗೂ ಪಾಲು. ಎಲ್ಲರೂ ಸೋಮೇಶನ ಹಿತ್ತಲಿಗೆ ನಡೆದರು, ಸೋಮೇಶ ಅವರ ಹಿಂದೆ ನಡೆದ.

ವಿಠೋಬಾ ಮುಚ್ಚಳ ತೆಗೆದ. ದಿನವಿಡೀ ಕೆಂಡದ ಮೇಲೆ ಕುಳಿತ ಹುಂಜ ಬಂಗಾರದ ಬಣ್ಣಕ್ಕೆ ತಿರುಗಿ, ಹಣ್ಣಿನ ರಸದಲ್ಲಿ ಹೊಳೆಯುತ್ತಿತ್ತು. ಮುಟ್ಟಿದರೆ ಎಲುಬು ಬಿಟ್ಟು ಬರುವಷ್ಟು ಮೆತ್ತಗಾಗಿತ್ತು. ಜನ್ಮದಲ್ಲಿ ಮೊದಲ ಸಲ ಸೋಮೇಶ ಕೈ ಹಾಕಿದ ಕೆಲಸವೊಂದು ಸರಿಯಾಗಿ ಆಗಿತ್ತು, ಮತ್ತು ಅದನ್ನು ಅವನ ಕಣ್ಣೆದುರೇ ಹರಿದು ಹಂಚಿಕೊಳ್ಳುತ್ತಿದ್ದರು.

"ಅಣ್ಣಾರು ಬರ್ತಾರ್ರಿ. ಒಂದ್ ಕಾಲರ ಉಳಸ್ರಿ," ಎಂದು ಅಂಗಲಾಚಿದ.

"ವಸೀಮ ಕೊಯ್ದಾನ ಅಂದ್ರ ನಮಗೂ ನಡೀತೈತಿ," ಎಂದು ಹಾಜಿರಾಬಿ ಒಂದು ಕಾಲು ತೆಗೆದುಕೊಂಡಳು. ಇನ್ನೊಂದು ವಿಠೋಬಾನ ಕೈಯಲ್ಲಿತ್ತು. ಮಲ್ಲವ್ವ ಒಂದು ತುತ್ತು ತಿಂದು ಮುಖ ಹಿಂಡಿದಳು. "ಸಪ್ಪಗ ಐತಿ. ಸಿಹಿ ಬ್ಯಾರೆ. ಕೋಳಿ ಮಾಡೂದೇನೋ ಇದು?" ಎಂದು ಮನೆಗೆ ಹೋಗಿ ಕೆಂಪು ಖಾರದ ಡಬ್ಬಿ ತಂದು ಧಾರಾಳವಾಗಿ ಉದುರಿಸಿದಳು. ಬೈಯುತ್ತಲೇ ಎಲುಬು ಚೀಪಿದಳು. ಗವಿಸಿದ್ದಪ್ಪನವರು ಬುಟ್ಟಿಯಲ್ಲಿ ಉಳಿದಿದ್ದ ಹಸಿ ಪೇರಲ ಹಣ್ಣುಗಳನ್ನು ಶಾಲಿನಲ್ಲಿ ಕಟ್ಟಿಕೊಂಡರು.

ಬೋಗೋಣಿಯಲ್ಲಿ ಕಿತ್ತಳೆ ಸಿಪ್ಪೆ ಮಾತ್ರ ಉಳಿದಾಗ ಗೇಟು ಕಿರ್ ಎಂದಿತು. ಬಗಲಲ್ಲಿ ಹಸಿ ಕಡಲೆಯ ಸಿವುಡು ಹಿಡಿದು ಅಂದಾನಪ್ಪ ಹಿತ್ತಲಿಗೇ ಬಂದ.

"ಏನ್ ಅಳಿಯಾರ, ಊರಿಗೆಲ್ಲಾ ಊಟ ಹಾಕೀರೇನು?" ಎನ್ನುತ್ತ ಸುತ್ತ ನೋಡಿದ. "ಅದಿರ್ಲಿ, ಹುಂಜ ಎಲ್ಲೈತಿ?"

"ಯಾ... ಯಾವ ಹುಂಜರಿ?"

"ಮುಂಜಾನಿ ಕಾಯಿಪಲ್ಲೆ ಗಾಡ್ಯಾಗ ಕಳಿಸಿದ್ನೆಲ್ಲಾ, ನಮ್ಮ ಹುಂಜ. ಯಾರೂ ಬಾಗಲಾ ತಗೀಲಿಲ್ಲ, ಗೇಟಿಗೆ ಕಟ್ಟಿ ಬಂದೀನಿ ಅಂದಾ ಡ್ರೈವರ್. ಮಮತಾಗ ಫೋನ್ ಮಾಡಿ ಹೇಳಿದ್ದೆ. ಮದುವ್ಯಾಗಿ ಇಷ್ಟು ವರ್ಷಕ್ಕ ಒಂದ ಕೆಲಸ ಹೇಳೀನಿ ನಿಮಗ. ದನದ ಡಾಕ್ಟರಿಗೆ ತೋರಿಸಿದ್ರಿಲ್ಲೋ?"

ವಿಠೋಬಾನ ಬಾಯಿಂದ ಎಲುಬು ಕೆಳಗೆ ಬಿತ್ತು.

"ಡಾಕ್ಟರಿಗೆ ಯಾಕ್ರಿ?" ಮಲ್ಲವ್ವನ ದನಿ ಹುಟ್ಟಿದಾರಭ್ಯ ಮೊದಲ ಸಲ ಸಣ್ಣಗಾಗಿತ್ತು.

"ಅದಕ್ಕ ಆರಾಮಿಲ್ಲ. ಹದಿನೈದು ದಿವಸ ಆತು."

"ಅದು ನಮ್ಮ ಹುಂಜ ಅಲ್ಲ ಬಿಡ್ರಿ!" ಹಾಜಿರಾಬಿ ಬಾಯಿಗೆ ಸೆರಗು ಒತ್ತಿ ಎದ್ದಳು. "ನಮ್ಮದರ ಬಾಲ ಹಳದಿ ಇತ್ತು!" ವಿಠೋಬಾ ತನ್ನ ಮನೆಯಲ್ಲಿ ಯಾವತ್ತೂ ಹುಂಜವೇ ಇರಲಿಲ್ಲ ಎನ್ನುತ್ತ ಗಂಟಲಿಗೆ ಬೆರಳು ಹಾಕಿಕೊಂಡು ಓಡಿದ. ಮಲ್ಲವ್ವ ಸರದಾರನಿಗೆ ಮಕ್ಕಳೇ ಇಲ್ಲವೆಂದು ದ್ಯಾಮವ್ವನ ಮೇಲೆ ಆಣೆ ಮಾಡುತ್ತ ಗೋಡೆ ಹಾರಿದವಳಂತೆ ಮರೆಯಾದಳು. ಗವಿಸಿದ್ದಪ್ಪನವರು ಶಾಲು ಬಿಚ್ಚಿ ಹಣ್ಣುಗಳನ್ನು ಒಂದೊಂದಾಗಿ ಬುಟ್ಟಿಗೆ ವಾಪಸು ಇಟ್ಟರು. "ಇವು ನಮ್ಮ ಗಿಡದ್ದಲ್ಲ ಅಂತ ಕಾಣ್ತೈತಿ," ಎಂದು ಕೋಲನ್ನೂ ಮರೆತು ಹೊರಟರು. ಓಣಿಯಲ್ಲಿ ಆಸ್ಪತ್ರೆಗೆಂದು ಆಟೋ ಕರೆಯುವ ಕೂಗು ಕೇಳಿಸಿತು.

ಹಿತ್ತಲಲ್ಲಿ ಇಬ್ಬರೇ ಉಳಿದರು. ಅಂದಾನಪ್ಪ ನೆಲದ ಮೇಲಿನ ಎಲುಬುಗಳನ್ನು ನೋಡಿದ, ಬೋಗೋಣಿಯೊಳಗೆ ಬಗ್ಗಿ ನೋಡಿದ, ಅಳಿಯನ ಕಪ್ಪು ಬೆರಳುಗಳನ್ನು ನೋಡಿದ. ಎಲ್ಲ ತಿಳಿಯಲು ಅವನಿಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ಕಲ್ಲಿನ ಮೇಲೆ ಕುಳಿತು ದೀರ್ಘವಾಗಿ ಉಸಿರು ಬಿಟ್ಟ.

"ಅಣ್ಣಾರ, ಅದಕ್ಕ ಏನ್ ರೋಗಾ ಇತ್ರಿ? ಅವರು ಸಾಯಂಗಿಲ್ಲಲ್ರಿ?" ಸೋಮೇಶ ಕೇಳಿದ.

"ಏನ್ ರೋಗನೋ ಮಾರಾಯಾ. ಕೂಗೂದ ಬಿಟ್ಟಿತ್ತು, ಅಷ್ಟ. ಬ್ಯಾರೆ ಎಲ್ಲಾ ಗಟ್ಟಿಮುಟ್ಟ ಇತ್ತು. ಇಡೀ ಅಡರಕಟ್ಟ್ಯಾಗ ಅಂಥಾ ಹುಂಜ ಇನ್ನೊಂದು ಇರ್ಲಿಲ್ಲ."

ಸೋಮೇಶ ಏನಾದರೂ ಹೇಳುವ ಮೊದಲೇ ಗೇಟು ಮತ್ತೆ ಕಿರ್ ಎಂದಿತು. ಹೆಗಲಿಗೆ ಚೀಲ ಹಾಕಿಕೊಂಡ ಮಮತಾ ದಣಿದ ಮುಖದಲ್ಲೇ ಅರಳಿ ಒಳಗೆ ಬಂದಳು.

"ಯಾವಾಗ ಬಂದ್ಯೋ ಅಣ್ಣಾ? ಏನ್ ಘಮಾ ರೀ ಇದು! ಖರೇನ ಮಾಡಿಬಿಟ್ರೇನು?" ಎಂದವಳು ತಟ್ಟನೆ ಹಣೆ ಬಡಿದುಕೊಂಡಳು. "ಅಯ್ಯ, ಅಣ್ಣನ ಹುಂಜ ಬರ್ತೈತಿ ಅಂತ ನಿಮಗ ಹೇಳೂದ ಮರತ ಹೋಗಿದ್ದೆ. ಎಲ್ಲಿ ಕಟ್ಟೀರಿ? ಪಾಪ, ಮುಂಜಾನಿಯಿಂದ ಅದಕ್ಕ ತಿನ್ನಾಕ ಏನರ ಹಾಕಿದ್ರಿಲ್ಲೋ?"

ಅಂದಾನಪ್ಪ ಮೀಸೆ ಸವರುತ್ತ ಅಳಿಯನ ಮುಖ ನೋಡಿದ.

ಸೋಮೇಶ ಬೋಗೋಣಿಯ ಮುಚ್ಚಳವನ್ನು ಸದ್ದಾಗದಂತೆ ಮುಚ್ಚಿದ.

"ಹಾಕೀನಿ," ಎಂದ. "ಹೊಟ್ಟಿ ತುಂಬ ಹಣ್ಣು ಹಾಕೀನಿ."